ಹಗೇವಿಗೆ ಇಳಿದ ಪಾದ್ರಿಯವರು

ಆ ದಿನ ಕೆಡಲು ಶುರುವಾದದ್ದು ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ. ಪುಣೆಯಲ್ಲಿ ಬಿ.ಎ. ಮುಗಿಸಿ ಬಂದವನಿಗೆ ಸೋದರಮಾವ ಕೊಟ್ಟ ಜೇಬುಗಡಿಯಾರಕ್ಕೆ ನಾನು ಆಗಷ್ಟೇ ಕೀಲಿ ಕೊಡುತ್ತಿದ್ದೆ. ಹಾಗಾಗಿ ಮುಳ್ಳುಗಳು ಎಲ್ಲಿದ್ದವು ಎಂಬುದು ಇವತ್ತಿಗೂ ಕಣ್ಣಿಗೆ ಅಂಟಿಕೊಂಡಿದೆ. ಹಿತ್ತಲಿನಿಂದ ನಮ್ಮ ಆಳು ಯಮನಪ್ಪನ ದನಿ ಕೇಳಿತು.

“ಸಣ್ಣ ಗೌಡ್ರ, ಲಗೂನ ಬರ್ರಿ! ಹುಸೇನಸಾಬ ಹಗೇವಿನ್ಯಾಗ ಇಳದಾನ, ಕರದ್ರ ಓ ಅನ್ನವಲ್ಲ!”

ಹಗೇವು ಎಂದರೆ ನಮ್ಮ ಕಡೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು, ಹೊಟ್ಟೆ ಒಂದು ಸಣ್ಣ ಕೋಣೆಯಷ್ಟು. ಆ ವರ್ಷ ನಮ್ಮ ಹಗೇವಿನಲ್ಲಿ ಜೋಳ ಇರಲಿಲ್ಲ. ಇಟಲಿ ದೇಶದ ಒಬ್ಬ ಪಾದ್ರಿಯವರ ದ್ರಾಕ್ಷಾರಸ ದೊಡ್ಡದೊಂದು ಮರದ ತೊಟ್ಟಿಯಲ್ಲಿ ಹುದುಗು ಬಂದು ಉಕ್ಕುತ್ತಿತ್ತು. ಆ ತೊಟ್ಟಿ ಮಾಡಿದ ಬಡಗಿಯೇ ಹುಸೇನಸಾಬ.

ಆ ಪಾದ್ರಿಯವರು ಹೋದ ತಿಂಗಳು ತೀರಿಕೊಂಡರೆಂದು ಬೆಳಗಾವಿಯಿಂದ ಸುದ್ದಿ ಬಂತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಯಾರೂ ಅವರನ್ನು ಹೆಸರಿನಿಂದ ಕರೆದವರಲ್ಲ, ಅವರೂ ಹೇಳಿಕೊಂಡವರಲ್ಲ. ಸುದ್ದಿ ಬಂದ ದಿನದಿಂದ ಆ ಮಧ್ಯಾಹ್ನ ಮತ್ತೆ ಮತ್ತೆ ಎದುರಿಗೆ ಬರುತ್ತಿದೆ. ಬಾಗಲಕೋಟೆಯ ಕೋರ್ಟಿನಲ್ಲಿ ಎದುರು ವಕೀಲರು ವಾದ ಮಾಡುತ್ತಿರುತ್ತಾರೆ, ನನಗೆ ಮಾತ್ರ ಹಗ್ಗದ ತುದಿಯಲ್ಲಿ ಕಂದೀಲು ಇಳಿಯುತ್ತ ಹೋಗುವುದು ಕಾಣುತ್ತದೆ. ಆದರೆ ಆ ಮನುಷ್ಯ ಎಂಥವರು ಎಂದು ಹೇಳದೆ ಆ ಮಧ್ಯಾಹ್ನವನ್ನು ಹೇಳಿದರೆ ಅರ್ಥವಾಗಲಾರದು.

ಎತ್ತರದ ಆಳು. ಬಿಸಿಲಿಗೆ ಮುಖ ಬಾದಾಮಿಯ ಕಲ್ಲಿನ ಬಣ್ಣಕ್ಕೆ ತಿರುಗಿತ್ತು. ನಿಲುವಂಗಿಯ ಅಂಚಿನಲ್ಲಿ ಯಾವಾಗಲೂ ಕೆಂಪು ಮಣ್ಣು. ನಮ್ಮ ಮನೆಯ ಅಂಗಳದ ಒಂದು ಕೋಣೆಯಲ್ಲಿ ಇರುತ್ತಿದ್ದರು, ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು. ನಮ್ಮ ಮಾತನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ, ಬಾದಾಮಿಯ ಸಂತೆಯಲ್ಲಿ ಕಲಿತರು. ಒಮ್ಮೆ ಮೈಸೂರು ಕಡೆಯ ಒಬ್ಬ ಅಧಿಕಾರಿ ನಮ್ಮ ಮನೆಗೆ ಬಂದಿದ್ದರು. ಪಾದ್ರಿಯವರು ಅವರೊಡನೆ ಅರ್ಧ ತಾಸು ಮಳೆ, ಬೆಳೆ, ಎತ್ತಿನ ಧಾರಣೆ ಮಾತಾಡಿದರು. ಅಧಿಕಾರಿಗೆ ಅರ್ಧದಷ್ಟೂ ತಿಳಿಯಲಿಲ್ಲ, ತಲೆ ಆಡಿಸುತ್ತ ಕುಳಿತರು. ಕೊನೆಗೆ ಪಾದ್ರಿಯವರೇ ಅವರ ಬೆನ್ನು ತಟ್ಟಿ ಸಮಾಧಾನ ಹೇಳಿದರು: “ಇರ್ಲಿ ಬಿಡ್ರಿ ಸಾಹೇಬ್ರ. ನಾಕು ದಿನ ಇಲ್ಲೇ ಇದ್ರ ನಿಮಗೂ ಕನ್ನಡ ಬರ್ತೈತಿ.”

ನನ್ನ ತಂದೆಗೆ ಒಂದು ಮಳೆಗಾಲ ಚಳಿಜ್ವರ ಹಿಡಿದು ಬಿಡದೆ ಹೋದಾಗ ಕೊಯಿನಾ ಗುಳಿಗೆ ಕೊಟ್ಟು ಎಬ್ಬಿಸಿದವರು ಅವರು. ಎದ್ದು ಕುಳಿತ ಅಪ್ಪ ಏನು ಬೇಕು ಕೇಳಿ ಎಂದರು. ಪಾದ್ರಿಯವರು ನಮ್ಮ ಹೊಲದ ಹಿಂದಿನ ಗುಡ್ಡದ ಇಳಿಜಾರನ್ನು ಕೇಳಿದರು.

“ಅದನ್ನ? ಆಡು ಸೈತ ಒಲ್ಲೆ ಅನ್ನೂ ಜಾಗಾ ಅದು. ಕಲ್ಲು ಬಿಟ್ರ ಏನೈತಿ ಅಲ್ಲಿ?”

“ಅದಕ್ಕ ಕೇಳಾಕ್ಹತ್ತೇನ್ರಿ ಗೌಡ್ರ. ಎರಿ ಭೂಮಿ ಕೊಟ್ರ ನನ್ನ ಬಳ್ಳಿ ಮೈಗಳ್ಳ ಆಗತೈತಿ.”

ಆ ದ್ರಾಕ್ಷಿ ಬಳ್ಳಿಗಳು ಅವರ ಊರಿನವು. ಒದ್ದೆ ಪಾಚಿಯಲ್ಲಿ ಸುತ್ತಿ, ಮೇಣದ ಬಟ್ಟೆಯಲ್ಲಿ ಕಟ್ಟಿ, ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ಬಾದಾಮಿಗೆ ಬಂದವು. ಬಹುಪಾಲು ದಾರಿಯಲ್ಲೇ ಸತ್ತಿದ್ದವು. ಉಳಿದವನ್ನು ಅವರು ನೆಟ್ಟು, ಮೊದಲ ಬೇಸಿಗೆಯಲ್ಲಿ ಒಂದೊಂದಕ್ಕೂ ಹತ್ತಿಕಟ್ಟಿಗೆಯ ತಟ್ಟಿ ಕಟ್ಟಿ ನೆರಳು ಮಾಡಿದರು. ಬಿಸಿಲು ತಿರುಗಿದಂತೆ ತಟ್ಟಿಗಳನ್ನು ತಿರುಗಿಸಲು ದಿನಕ್ಕೆ ಮೂರು ಸಲ ಗುಡ್ಡ ಹತ್ತುತ್ತಿದ್ದರು. ಆಗಲೇ ಅರವತ್ತರ ಹತ್ತಿರ ಅವರಿಗೆ. ಬಳ್ಳಿ ಬೇರು ಬಿಟ್ಟು, ನಾಲ್ಕಾರು ವರ್ಷಕ್ಕೆ ಹಣ್ಣು ಬಿಟ್ಟಿತು. ಸಣ್ಣ ಹಣ್ಣು, ದಪ್ಪ ಸಿಪ್ಪೆ. ಆಸೆಯಿಂದ ಬಾಯಿಗೆ ಹಾಕಿಕೊಂಡ ನನ್ನ ನಾಲಿಗೆ ಅಳಲೆಕಾಯಿ ತಿಂದಂತೆ ಅಂಗುಳಕ್ಕೆ ಅಂಟಿಕೊಂಡಿತು. ನನ್ನ ಮುಖ ನೋಡಿ ಅವರು ಕೈ ತಟ್ಟಿ ನಕ್ಕರು.

“ಒಗರು! ಒಗರು ಬಂತು! ತಮ್ಮಾ, ಇದಕ್ಕ ನಾ ಸಮುದ್ರ ದಾಟಿಸಿ ತಂದದ್ದು.”

ಒಗರಿನ ಬಗ್ಗೆ ಅವರಿಗಿದ್ದ ಪ್ರೀತಿ ನನಗೆ ಮೊದಲು ಹುಚ್ಚಾಗಿ ಕಂಡಿತು. ನಾವು ಒಗರು ಕಳೆಯಲು ಕಾಯಿಗೆ ಉಪ್ಪು ಸವರುವ ಜನ. ಒಂದು ದಿನ ಅವರು ನನ್ನನ್ನು ಊರ ಹೊರಗೆ ಚರ್ಮ ಹದ ಮಾಡುವವರ ಕುಣಿಗಳ ಹತ್ತಿರ ಕರೆದುಕೊಂಡು ಹೋದರು. ತಂಗಡಿ ಗಿಡದ ತೊಗಟೆ ನೆನೆಸಿದ ಕಂದು ನೀರಿನಲ್ಲಿ ತೊಗಲು ಮುಳುಗಿತ್ತು. ನಾನು ಮೂಗು ಮುಚ್ಚಿಕೊಂಡೆ. ಅವರು ಆ ನೀರಿನಲ್ಲಿ ಬೆರಳದ್ದಿ ನಾಲಿಗೆಗೆ ತಾಗಿಸಿಕೊಂಡರು!

“ಈ ತೊಗಟ್ಯಾಗಿನ ಒಗರು ತೊಗಲು ಕೊಳೀಲಾರದ್ಹಂಗ ಹಿಡದು ನಿಲ್ಲಸ್ತೈತಿ. ಹಣ್ಣಿನ ಸಿಪ್ಪ್ಯಾಗೂ ಇದ ಒಗರು. ಮೊದಲ ನಾಲಗಿ ಕಚ್ಚತೈತಿ. ಆಮ್ಯಾಲ ವರ್ಷಗಟ್ಟಲೆ ರಸಾನ ಕಾಯತೈತಿ. ಸಿಹಿ ಹಣ್ಣಿನ ರಸ ದೀಪಾವಳಿಗೆ ಛಲೋ, ಯುಗಾದಿಗೆ ಹುಳಿ.”

ಅವರ ತಂದೆ ಬೆಟ್ಟದ ಊರಿನಲ್ಲಿ ಇದೇ ಕೆಲಸ ಮಾಡುತ್ತಿದ್ದವರಂತೆ. ಮಂಜು ಬೀಳುವಾಗ ಹಣ್ಣು ಕೊಯ್ಯುತ್ತಾರೆ. ತುಳಿದು ತೊಟ್ಟಿಗೆ ಹಾಕುತ್ತಾರೆ. ರಸ ಉಕ್ಕಿ ನಿಂತ ಮೇಲೂ ಸಿಪ್ಪೆ ತೆಗೆಯುವುದಿಲ್ಲ. ಚಳಿ ಬಲಿಯುವವರೆಗೆ ಸಿಪ್ಪೆಯ ಮೇಲೇ ಬಿಟ್ಟು ಅದರ ಬಣ್ಣ, ಒಗರು ಎಲ್ಲವನ್ನೂ ರಸಕ್ಕೆ ಇಳಿಸುತ್ತಾರೆ. ಆಮೇಲೆ ಸೋಸಿ, ಅಜ್ಜನ ಕಾಲದ ದೊಡ್ಡ ದೊಡ್ಡ ಪೀಪಾಯಿಗಳಿಗೆ ತುಂಬಿ ನೆಲಮಾಳಿಗೆಯ ಕತ್ತಲಲ್ಲಿ ಇಡುತ್ತಾರೆ. ಪ್ರತಿ ವಸಂತದಲ್ಲಿ ತಂದೆ ಒಂದು ಗುಟುಕು ತೆಗೆದು, ಬಾಯಲ್ಲಿ ಹೊರಳಿಸಿ ಉಗುಳಿ, “ಇನ್ನೂ ಇಲ್ಲ” ಎನ್ನುತ್ತಿದ್ದರಂತೆ. ಪಾದ್ರಿಯವರು ಹುಟ್ಟಿದ ವರ್ಷದ ಒಂದು ಪೀಪಾಯಿಯನ್ನು ಅವರಿಗೆ ದೀಕ್ಷೆಯಾದ ದಿನ ತೆರೆದರಂತೆ. ಅಲ್ಲಿಯವರೆಗೆ ಆ ಮನೆಯವರು ಅದರ ಪಕ್ಕದಲ್ಲೇ ಓಡಾಡಿಕೊಂಡಿದ್ದರು, ಯಾರೂ ಮುಟ್ಟಲಿಲ್ಲ. ಇಪ್ಪತ್ತು ಚಿಲ್ಲರೆ ವರ್ಷ ಒಂದು ಪದಾರ್ಥದ ಎದುರಿಗೆ ಸುಮ್ಮನೆ ಇರುವ ಜನ!

ಆ “ಇನ್ನೂ ಇಲ್ಲ” ಮಗನಿಗೂ ಬಂದಿತ್ತು. ಹೆಂಚಿನ ಮೇಲಿನ ರೊಟ್ಟಿಗೂ ಅದೇ, ನಾನು ಸರಕಾರಿ ನೌಕರಿಗೆ ಅರ್ಜಿ ಹಾಕಲೇ ಎಂದು ಕೇಳಿದಾಗಲೂ ಅದೇ.

ಅವ್ವನಿಗೆ ಇದೊಂದೂ ಸೇರುತ್ತಿರಲಿಲ್ಲ. ನಮ್ಮದು ಬಸವಣ್ಣನ ಒಕ್ಕಲು. ಮನೆಯ ಹಗೇವನ್ನು ಸೆರೆ-ಮದ್ಯ ಮಾಡಲು ಕೊಟ್ಟರೆಂದು ಅಪ್ಪನ ಮೇಲೆ ಸಿಟ್ಟು. ದೇವರ ಪೂಜೆಗೆಂದು ಅಬಕಾರಿಯವರ ಪರವಾನಿಗೆ ಇದೆ ಎಂದರೂ ಕೇಳಲಿಲ್ಲ. ಹಣ್ಣನ್ನು ಕಾಲಿನಿಂದ ತುಳಿಯುವುದನ್ನು ನೋಡಿದ ಮೇಲಂತೂ ಅಂಗಳಕ್ಕೇ ಬಂದಳು.

“ಕಾಲಿಲೆ ತುಳದದ್ದನ್ನ ದೇವರಿಗೆ ಎಡಿ ಮಾಡ್ತೀರಿ? ನಿಮ್ಮ ದೇವರು ಏನೂ ಅನ್ನೂದುಲ್ಲೇನ್ರಿ?”

ಮೊಣಕಾಲಿನವರೆಗೆ ಕೆಂಪಾಗಿ ನಿಂತಿದ್ದ ಪಾದ್ರಿಯವರು ತೊಟ್ಟಿಯೊಳಗಿಂದಲೇ ಕೈ ಮುಗಿದರು. “ಅವ್ವಾರ, ಗ್ವಾಡಿ ಕಟ್ಟೂ ಮಣ್ಣೂ ಕಾಲಿಲೇನ ತುಳೀತಾರ. ಆ ಮನ್ಯಾಗ ನೀವು ಜಗಲಿ ಮಾಡಿ ಲಿಂಗಪ್ಪನ್ನ ಇಡೂದಿಲ್ಲೇನ್ರಿ?”

ಅವ್ವ ಒಳಗೆ ಹೋದಳು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡದ್ದನ್ನು ನಾನು ನೋಡಿದೆ.

ಮೊದಲ ಸಣ್ಣ ಬೆಳೆಯ ರಸವನ್ನು ಅವರು ಊರಿನಿಂದ ತರಿಸಿದ ಒಂದು ಪುಟ್ಟ ಪೀಪಾಯಿಗೆ ತುಂಬಿ ನಮ್ಮ ದಪ್ಪ ಗೋಡೆಯ ಕತ್ತಲೆಕೋಣೆಯಲ್ಲಿ ಇಟ್ಟಿದ್ದರು. ಹಲಗೆಯ ರಂಧ್ರಗಳಿಂದ ರಸ ನಿಧಾನವಾಗಿ ಆರುತ್ತದೆ. ಮೇಲೆ ತೆರವಾದ ಜಾಗಕ್ಕೆ ಗಾಳಿ ಬಂದರೆ ಹುಳಿಯಾಗುತ್ತದೆ. ಅವರ ಊರಿನಲ್ಲಾದರೆ ಬೇರೆ ಪೀಪಾಯಿಯಿಂದ ತುಂಬುತ್ತಾರೆ, ಇಲ್ಲಿ ಇದ್ದದ್ದೇ ಒಂದು. ಅದಕ್ಕೆ ಅವರು ಮಲಪ್ರಭೆಯ ದಂಡೆಯಿಂದ ನುಣುಪು ಹರಳುಗಳನ್ನು ಆರಿಸಿ ತಂದು, ತೊಳೆದು, ಕುದಿಸಿ, ಆರಿಸಿ, ಪೀಪಾಯಿಯ ಬಾಯಿಯಿಂದ ಒಂದೊಂದಾಗಿ ಒಳಗೆ ಬಿಡುತ್ತಿದ್ದರು. ರಸ ಮೇಲೇರಿ ಬಾಯಿಗೆ ಸಮ ಬಂದಾಗ ಬೆಣೆ ಜಡಿಯುತ್ತಿದ್ದರು. ಅಷ್ಟು ಹೊತ್ತು ಉಸಿರು ಸದ್ದಾಗದಂತೆ ನಿಂತಿರುತ್ತಿದ್ದರು, ತೊಟ್ಟಿಲಿನ ಮಗು ಎದ್ದೀತೆಂಬಂತೆ.

ಆ ಪೀಪಾಯಿಯನ್ನು ಅವರು ಕೊನೆಗೆ ತೆರೆದದ್ದು ಎಷ್ಟೋ ವರ್ಷಗಳ ನಂತರ, ಬೆಳಗಾವಿಗೆ ಹೊರಡುವ ಮುಂಚೆ. ನಾನು ಕುಡಿಯುವುದಿಲ್ಲವೆಂದು ಗೊತ್ತಿತ್ತು, ಬಟ್ಟಲನ್ನು ಮೂಗಿನ ಹತ್ತಿರ ಹಿಡಿದರು. ಮೊದಲು ಒಣಗಿದ ಗುಲಾಬಿಯ ವಾಸನೆ. ಅದರ ಹಿಂದೆ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯದು. ಇನ್ನೂ ಹಿಂದೆ, ಹಳೆ ಮಳೆ ಬಿದ್ದ ಕೆಮ್ಮಣ್ಣಿನದು. ನಾಲಿಗೆ ಕಿತ್ತುಬರುವಂತಿದ್ದ ಆ ಹಣ್ಣಿನೊಳಗೆ ಇದೆಲ್ಲ ಎಲ್ಲಿ ಅಡಗಿ ಕುಳಿತಿತ್ತೋ! ಅವರು ಒಂದು ಗುಟುಕು ಬಾಯಿಗೆ ತೆಗೆದುಕೊಂಡರು, ಉಗುಳಲಿಲ್ಲ. ಗೋಡೆಯ ಕಡೆಗೆ ತಿರುಗಿ ಕುಳಿತರು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಇಂಥ ಮನುಷ್ಯನಿಗೆ ಮೊದಲ ಸಲ ಗುಡ್ಡದ ತುಂಬ ಹಣ್ಣು ಬಂದದ್ದು ನಾನು ಪುಣೆಯಿಂದ ಬಂದ ವರ್ಷ. ದೊಡ್ಡ ತೊಟ್ಟಿ ಬೇಕಾಯಿತು. ಇಳಕಲ್ಲಿನಿಂದ ಹುಸೇನಸಾಬನನ್ನು ಕರೆಸಿದರು. ಅವನು ನೇಕಾರರಿಗೆ ಮಗ್ಗ ಮಾಡಿಕೊಡುವ ಬಡಗಿ. ಮೊಳೆ ಹೊಡೆಯದೆ, ಬಾಗಿದ ಹಲಗೆಗಳನ್ನು ಜೋಡಿಸಿ, ಸುತ್ತ ಬಿದಿರಿನ ಪಟ್ಟಿ ಬಿಗಿದು ನೀರು ನಿಲ್ಲಿಸುವ ಕೆಲಸ ಅವನು ಕಂಡಿರಲಿಲ್ಲ. ಮೊದಲನೆಯ ತೊಟ್ಟಿಗೆ ನೀರು ಹಾಕಿದರೆ ಜರಡಿಯಂತೆ ಸೋರಿತು. ಯಮನಪ್ಪ ಬಿದ್ದು ಬಿದ್ದು ನಕ್ಕ.

“ಯಾಕ ಸಾಬಣ್ಣಾ, ಗಿಡಕ್ಕ ನೀರು ಹಾಕೂ ಝಾರಿ ಮಾಡೀಯೇನು?”

“ನಗಲೇ ಮಗನ, ನಗು. ಎರಡನೇದರಾಗ ಹನಿ ಬಿತ್ತಂದ್ರ ನಾ ನನ್ನ ಉಳಿ ಹಳ್ಳಕ್ಕ ಒಗೀತೇನಿ.”

ಎರಡನೆಯದರಲ್ಲಿ ಹನಿ ಬೀಳಲಿಲ್ಲ. ಹಲಗೆಗಳನ್ನು ಬಿಚ್ಚಿ ಹಗೇವಿನೊಳಗೆ ಇಳಿಸಿ, ಅಲ್ಲೇ ಮತ್ತೆ ಕಟ್ಟಿದ. ನೀನು ಸಾಬರವನಾಗಿ ಇದನ್ನು ಹೇಗೆ ಮಾಡುತ್ತೀ ಎಂದು ಯಾರೋ ಚುಚ್ಚಿದಾಗ ಅವನು ತಲೆ ಎತ್ತದೆ ಹೇಳಿದ: “ನಂದು ಕಟಗೀ ಕೆಲಸ. ಗೌಡ್ರು ಕುಡ್ಯಂಗಿಲ್ಲ, ನಾ ಕುಡ್ಯಂಗಿಲ್ಲ, ಪಾದ್ರಿಯವರು ಹನಿ ತಗೊಂಡು ಉಗುಳ್ತಾರ. ಇಷ್ಟು ಪಾಕ್-ಸಾಫ್ ಇರೂ ಸೆರಿ ಎಲ್ಲೈತಿ ತೋರಸ್ರಿ ನೋಡೋಣು.”

ಹಗೇವನ್ನೇ ಆರಿಸಿದ್ದು ತಂಪಿಗಾಗಿ. ನಮ್ಮಲ್ಲಿ ಹಣ್ಣು ಬರುವುದು ಶಿವರಾತ್ರಿಯ ಹೊತ್ತಿಗೆ, ಬಿಸಿಲು ಏರುವಾಗ. ನೆಲದ ಮೇಲೆ ಇಟ್ಟರೆ ರಸ ಕಾದು ಕೆಡುತ್ತದೆ. ಉಕ್ಕುವಾಗ ಸಿಪ್ಪೆಗಳೆಲ್ಲ ಮೇಲೆದ್ದು ಹೆಪ್ಪುಗಟ್ಟುತ್ತವೆ, ಅವನ್ನು ಬೆಳಿಗ್ಗೆ ಸಂಜೆ ಒನಕೆಯಿಂದ ಒತ್ತಿ ಮುಳುಗಿಸಬೇಕು. ಇಳಿಯುವ ಪ್ರತಿ ಸಲವೂ ಕಂದೀಲು ಇಳಿಸಿ ನೋಡಬೇಕು, ಮೇಲೆ ಇನ್ನೊಬ್ಬ ನಿಂತಿರಬೇಕು ಎಂದು ಪಾದ್ರಿಯವರು ಎಲ್ಲರಿಗೂ ಹೇಳಿದ್ದರು.

ಇಲ್ಲಿ ನಮ್ಮ ಜನರ ತಿಳಿವಳಿಕೆಯೇ ತೊಡಕಾಯಿತು. ಹಗೇವಿನ ವಿಷ ನಮಗೆ ಹೊಸದಲ್ಲ. ಬಹಳ ದಿನ ಮುಚ್ಚಿದ ಜೋಳದ ಹಗೇವಿಗೆ ಒಮ್ಮೆಗೇ ಯಾರೂ ಇಳಿಯುವುದಿಲ್ಲ. ಬಾಯಿ ತೆಗೆದು ಆರಲು ಬಿಡುತ್ತಾರೆ, ದೀಪ ಇಳಿಸಿ ನೋಡುತ್ತಾರೆ. ದೀಪ ಉರಿದರೆ ಆ ದಿನವೆಲ್ಲ ಇಳಿದು ಹತ್ತಬಹುದು. ಜೋಳದ ಮಟ್ಟಿಗೆ ಇದು ಸರಿ. ಆದರೆ ಉಕ್ಕುತ್ತಿರುವ ರಸ ಕೆಟ್ಟ ಗಾಳಿಯನ್ನು ಗಳಿಗೆ ಗಳಿಗೆಗೂ ಹೊಸದಾಗಿ ಹೊರಗೆ ಬಿಡುತ್ತಲೇ ಇರುತ್ತದೆ. ಆ ಬೆಳಿಗ್ಗೆ ಕಂದೀಲು ಚೆನ್ನಾಗಿ ಉರಿದಿತ್ತು. ಪಾದ್ರಿಯವರು ಇಳಿದು ಸಿಪ್ಪೆ ಒತ್ತಿ ಮೇಲೆ ಬಂದಿದ್ದರು. ಆಮೇಲೆ ಬಿಸಿಗಾಳಿ ಎದ್ದಿತೆಂದು ಯಮನಪ್ಪ ತಾನಾಗಿಯೇ ಹಗೇವಿನ ಬಾಯಿಗೆ ಒದ್ದೆ ಗೋಣಿ ಹಾಸಿದ, ರಸಕ್ಕೆ ತಂಪಿರಲೆಂದು. ಮಧ್ಯಾಹ್ನ ಹುಸೇನಸಾಬನಿಗೆ ತೊಟ್ಟಿಯ ಬುಡದಲ್ಲಿ ಸೆಣಬು ತುಂಬಿದ ಒಂದು ಸಂದಿಯ ಮೇಲೆ ಅನುಮಾನ ಬಂತು. ಗೋಣಿ ಸರಿಸಿ, ಏಣಿ ಹಿಡಿದು ಇಳಿದ. ಯಮನಪ್ಪ ಮೇಲೆ ನಿಂತಿದ್ದ. ಬೆಳಿಗ್ಗೆ ದೀಪ ಉರಿದಿತ್ತಲ್ಲ, ಇಬ್ಬರಿಗೂ ಸಂಶಯವೇ ಬರಲಿಲ್ಲ.

ನಾನು ಓಡಿ ಬರುವಷ್ಟರಲ್ಲಿ ಯಮನಪ್ಪ ಒಂದು ಕಾಲನ್ನು ಏಣಿಯ ಮೇಲೆ ಇಟ್ಟಿದ್ದ. ಕೆಳಗಿನಿಂದ ಮೂಗು ಚುಚ್ಚುವ ಸಿಹಿ ವಾಸನೆ. ಇಣುಕಿದರೆ ಕತ್ತಲು, ಕತ್ತಲಲ್ಲಿ ಬಿಳಿ ಟೊಪ್ಪಿಗೆಯ ಮಸುಕು. ಆಗ ಹಿಂದಿನಿಂದ ಒಂದು ಕೂಗು.

“ಯಮನಪ್ಪಾ! ಕಾಲು ಹಿಂದಕ್ಕ ತಗೀ!”

ಪಾದ್ರಿಯವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ತಮ್ಮ ಕೋಣೆಯ ಒಲೆಯ ಮುಂದಿನಿಂದ ಹಾಗೇ ಓಡಿ ಬಂದಿದ್ದರು, ಕೈಗೆಲ್ಲ ಹಿಟ್ಟು ಮೆತ್ತಿತ್ತು. ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಎದೆಮಟ್ಟ ಇಳಿಯುವವರೆಗೆ ಉರಿಯಿತು. ಅಲ್ಲಿ ಆರಿತು. ಗಾಳಿ ಬೀಸಿದಾಗ ದೀಪ ಹೊಯ್ದಾಡಿ ಆರುತ್ತದೆ, ಇದು ಹಾಗೆ ಆರಲಿಲ್ಲ. ಯಾರೋ ಕತ್ತಲೊಳಗಿಂದ ಎರಡು ಬೆರಳಲ್ಲಿ ಹಿಸುಕಿದಂತೆ ಆರಿತು. ಇಂದಿಗೂ ನನಗೆ ಕಾಣುವುದು ಅದೇ.

“ಈಗ ಹಂಗ ಇಳದ್ರ ಒಬ್ಬನ ಮ್ಯಾಲ ಒಬ್ಬ ಬೀಳ್ತೀರಿ,” ಎಂದರು ಪಾದ್ರಿಯವರು. “ನಮ್ಮೂರಾಗ ಒಂದ ಮನ್ಯಾಗಿನ ಅಣತಮ್ಮಂದ್ರು ಮೂರೂ ಮಂದಿ ಹಿಂಗ ಹೋದ್ರು. ಬೇವಿನ ಟೊಂಗಿ ಕಡೀರಿ. ಹಗ್ಗಕ್ಕ ಕಟ್ಟಿ ಮ್ಯಾಲ ಕೆಳಗ ಆಡಸ್ರಿ, ಗಾಳಿ ಕದಡಬೇಕು.”

ಯಮನಪ್ಪ ಬೇವಿನ ಟೊಂಗೆ ಕಡಿದು ಹಗ್ಗಕ್ಕೆ ಕಟ್ಟಿದ. ಬಾವಿಯಲ್ಲಿ ಕೊಡ ಆಡಿಸಿದಂತೆ ಅದನ್ನು ಇಳಿಸಿ ಎತ್ತುತ್ತ ನಿಂತ. ಪಾದ್ರಿಯವರು ನಿಲುವಂಗಿ ಕಳಚಿ, ಒಂದು ಹಗ್ಗವನ್ನು ತಮ್ಮ ಸೊಂಟಕ್ಕೆ ಬಿಗಿದು ತುದಿಯನ್ನು ನನ್ನ ಕೈಗೆ ಕೊಟ್ಟರು. ನಾನು ಧೋತರದ ಚುಂಗು ಹರಿದು ನೀರಲ್ಲಿ ಅದ್ದಿ, ಮೂಗಿಗೆ ಕಟ್ಟಿಕೊಳ್ಳಿ ಎಂದೆ.

“ಅರಿವಿಲೆ ಏನೂ ಆಗೂದಿಲ್ಲ ತಮ್ಮಾ. ಇದಕ್ಕ ಉಸಿರು ಹಿಡಿಯೂದೊಂದ ಔಷಧ. ನನ್ನ ಹಗ್ಗ ಅಲುಗೂದು ನಿಂತ್ರ ಎಳೀರಿ.”

ಕಾರ್ಬಾನಿಕ್ ಆಮ್ಲದ ಗಾಳಿ ಎಂದು ಕಾಲೇಜಿನಲ್ಲಿ ಓದಿದ್ದೆ. ಸುಣ್ಣದ ತಿಳಿನೀರನ್ನು ಹಾಲಿನಂತೆ ಬಿಳಿ ಮಾಡುತ್ತದೆಂದು ಗಾಜಿನ ಕೊಳವೆಯಲ್ಲಿ ನೋಡಿಯೂ ಇದ್ದೆ. ಆ ಗಾಳಿಯೊಳಗೆ ಒಬ್ಬ ಮುದುಕ ಬರಿಗೈಯಲ್ಲಿ ಇಳಿಯುವುದನ್ನು ಈಗ ನೋಡಿದೆ. ನಾಲ್ಕು ಸಲ ಎದೆ ತುಂಬ ಉಸಿರೆಳೆದು ಬಿಟ್ಟರು. ಐದನೆಯದನ್ನು ಹಿಡಿದು, ಕಣ್ಣು ತೆರೆದುಕೊಂಡೇ ಇಳಿದರು. ಹಗ್ಗ ನನ್ನ ಅಂಗೈಯಲ್ಲಿ ಅಲುಗಾಡುತ್ತಿತ್ತು. ಅಷ್ಟೇ ನನಗೆ ಗೊತ್ತಿದ್ದದ್ದು, ಅದು ಅಲುಗುತ್ತಿದೆ ಎಂಬುದು. ಮೇಲೆ ಬಂದರು. ಹುಸೇನಸಾಬನ ಕಂಕುಳಿಗೆ ಇನ್ನೊಂದು ಹಗ್ಗ ಕಟ್ಟಿ ಬಂದಿದ್ದರು. ಎಳೆದೆವು. ಬರಲಿಲ್ಲ. ಮತ್ತೆ ಎಳೆದೆವು. ಒಂದು ಗೇಣು ಬಂದು ನಿಂತಿತು.

ನೆಲದ ಮೇಲೆ ಕುಳಿತಿದ್ದ ಪಾದ್ರಿಯವರ ತುಟಿ ನೀಲಿಯಾಗಿತ್ತು. “ಕಾಲು ಸಿಕ್ಕೈತಿ. ತೊಟ್ಟಿಗೂ ಗ್ವಾಡಿಗೂ ನಡುವ. ಜೀವ ಐತಿ ಇನ್ನಾ,” ಎಂದರು. ಅಲ್ಲೇ ಯಮನಪ್ಪ ಟೊಂಗೆ ಕಡಿದು ಬಿಸಾಡಿದ್ದ ಕೊಯ್ತಾ ಬಿದ್ದಿತ್ತು. ಅದಕ್ಕೆ ಕೈ ಚಾಚಿದರು. “ಅದನ್ನ ಕೊಡು.”

ಕೊಯ್ತಾ ಯಾಕೆಂದು ಯಮನಪ್ಪನಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಹಡಗು ದಾಟಿ ಬಂದ ಬಳ್ಳಿ, ಬಿಸಿಲಿಗೆ ತಿರುಗಿಸಿದ ತಟ್ಟಿ, ಇಷ್ಟು ವರ್ಷಕ್ಕೆ ಮೊದಲ ಸಲ ತುಂಬಿದ ತೊಟ್ಟಿ. ಅವರ ಮುಖವನ್ನೇ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಮತ್ತೆ ಉಸಿರು ತುಂಬಿಕೊಳ್ಳುವುದನ್ನು ಬಿಟ್ಟರೆ ಆ ಮನುಷ್ಯ ಬೇರೆ ಏನನ್ನೂ ಯೋಚಿಸುತ್ತಿರಲಿಲ್ಲ. ಇಳಿದರು.

ಕೆಳಗೆ ಬಿದಿರಿನ ಪಟ್ಟಿ ಹರಿದ ಸದ್ದು. ಇನ್ನೊಂದು. ಆಮೇಲೆ ಕೆರೆಯ ಕೋಡಿ ಒಡೆದಂಥ ಸದ್ದು, ಹಲಗೆಗಳು ಗೋಡೆಗೆ ಬಡಿದ ಸದ್ದು. ವಾಸನೆ ಮುಖಕ್ಕೆ ಹೊಡೆಯಿತು. ಹಾಗೆಯೇ ನನ್ನ ಕೈಯಲ್ಲಿದ್ದ ಹಗ್ಗ ಅಲುಗುವುದು ನಿಂತಿತು.

“ಎಳೀರಿ!” ಎಂದು ನಾನು ಕೂಗಿದೆನೋ ಯಮನಪ್ಪ ಕೂಗಿದನೋ ತಿಳಿಯದು. ಅಪ್ಪ ಊರಲ್ಲಿರಲಿಲ್ಲ. ಎರಡು ಹಗ್ಗ, ಇಬ್ಬರೇ ನಾವು. ಆಗ ನನ್ನ ಹಿಂದೆ ಬಳೆಗಳ ಸದ್ದಾಯಿತು. ಪರಗಂಡಸರ ಎದುರು ತಲೆಯ ಮೇಲಿನ ಸೆರಗು ಸರಿಯಲು ಬಿಡದ ನನ್ನ ಅವ್ವ ಆ ಸೆರಗನ್ನು ಸೊಂಟಕ್ಕೆ ಸಿಗಿಸಿ, ಕಾಲು ಊರಿ, ಪಾದ್ರಿಯವರ ಹಗ್ಗ ಎಳೆಯುತ್ತಿದ್ದಳು. “ಬಾರೋ ಯಪ್ಪಾ, ಬಾರೋ ನನ್ನಪ್ಪಾ,” ಎನ್ನುತ್ತ ಎಳೆದಳು.

ಮೊದಲು ಬಂದವನು ಹುಸೇನಸಾಬ. ತಲೆಯಿಂದ ಕಾಲವರೆಗೆ ಕೆಂಪು. ರಕ್ತವೆಂದು ಯಮನಪ್ಪ ಬಾಯಿ ಬಡಿದುಕೊಂಡ. ಅವನ ಹಿಂದೆಯೇ ಪಾದ್ರಿಯವರು ಬಂದರು, ಅರ್ಧ ನಮ್ಮ ಎಳೆತಕ್ಕೆ, ಅರ್ಧ ಏಣಿಗೆ ಜೋತು. ಕೈಯಲ್ಲಿ ಕೊಯ್ತಾ ಇನ್ನೂ ಇತ್ತು. ಬೆರಳು ಬಿಡಿಸಿ ತೆಗೆಯಬೇಕಾಯಿತು. ಮಾತಾಡಲು ಬಾರದೆ ಸನ್ನೆ ಮಾಡಿದರು. ಹುಸೇನಸಾಬನ ಉಸಿರು ಮರಳಿಸಲು ಅವನನ್ನು ಅಂಗಾತ ಮಲಗಿಸಿ, ನಾನು ಅವನ ತೋಳುಗಳನ್ನು ತಲೆಯ ಮೇಲೆ ಎತ್ತುವುದು, ಅವರು ತಂದು ಪಕ್ಕೆಗೆ ಒತ್ತುವುದು. 

ಎಷ್ಟು ಹೊತ್ತು ಹೀಗೆ ಮಾಡಿದೆವೋ. ಕೊನೆಗೆ ತುಕ್ಕು ಹಿಡಿದ ಬಾಗಿಲು ತೆರೆದಂತೆ ಒಂದು ಉಸಿರು ಅವನೊಳಗಿಂದ ಬಂತು. ಪಾದ್ರಿಯವರು ಅವನ ಎದೆಯ ಮೇಲೆ ತಲೆ ಇಟ್ಟು ಕೇಳುತ್ತ ಹಾಗೇ ಉಳಿದರು. ಅವರು ಅಳುತ್ತಿದ್ದರೆಂದು ಯಮನಪ್ಪ ಹೇಳುತ್ತಾನೆ. ನನಗೆ ಕಂಡದ್ದು ಬೆನ್ನು ಮಾತ್ರ.

ಹೋದ ರಸದ ಬಗ್ಗೆ ಅವರಾಡಿದ್ದು ಒಂದೇ ಮಾತು. ಮರುದಿನ ಹಿತ್ತಲಿಗೆಲ್ಲ ಜೇನು, ಕಣಜದ ಹುಳ ಮುತ್ತಿದ್ದವು. ಅವ್ವ ಅಂಜುತ್ತ, “ಎಲ್ಲಾ ಹೋತಲ್ರಿ ನಿಮ್ಮದು,” ಎಂದಳು. “ಹೋತ್ರಿ ಅವ್ವಾರ,” ಎಂದರು. ಅಷ್ಟೇ.

ಆದರೆ ಅಪಾಯ ಆ ಮಧ್ಯಾಹ್ನಕ್ಕೆ ಮುಗಿಯಲಿಲ್ಲ. ಹುಸೇನಸಾಬ ಎದ್ದು ಕುಳಿತ, ಗಂಜಿ ಕುಡಿದ, ಇಳಕಲ್ಲಿನಿಂದ ಓಡಿ ಬಂದ ಹೆಂಡತಿಯ ಹೆಸರು ಹಿಡಿದು ಕರೆದ. ಕೈ ಮಾತ್ರ ಅವನದಾಗಿ ಉಳಿದಿರಲಿಲ್ಲ. ನೀರಿನ ಚಂಬು ತುಟಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಉಳಿ ಕೊಟ್ಟರೆ ಅದನ್ನು ತಿರುಗಿಸಿ ನೋಡಿ, ಬೇರೆ ಯಾರದೋ ವಸ್ತುವೆಂಬಂತೆ ಪಕ್ಕಕ್ಕೆ ಇಡುತ್ತಿದ್ದ. ಬಾಗಲಕೋಟೆಯ ದವಾಖಾನೆಯ ಡಾಕ್ಟರರು ಬಂದು ನೋಡಿ, ಕೈ ಸರಿಯಾದರೂ ಆದೀತು, ಇಲ್ಲದಿದ್ದರೆ ಇಲ್ಲ ಎಂದು ಹೋದರು. ಯಮನಪ್ಪ ತುಳಸಿಗೇರಿಯ ಹನುಮಪ್ಪನಿಗೆ ಶನಿವಾರದ ಉಪವಾಸ ಹಿಡಿದ. ತಾನು ಹಾಸಿದ ಗೋಣಿಯ ನೆನಪು ಅವನನ್ನು ತಿನ್ನುತ್ತಿತ್ತು. ಹುಸೇನಸಾಬನ ಹೆಂಡತಿ ಒಮ್ಮೆ ಬಾಗಿಲಿಗೆ ಆತು ಅವ್ವನಿಗೆ ಹೇಳಿದಳು: “ಜೀವ ಉಳೀತು ಅಂತ ಎಲ್ಲಾರೂ ಅಂತಾರವ್ವಾ. ಅವರಿಗೆ ಕೈ ಅಂದ್ರ ಜೀವ.”

ಅವರಿಬ್ಬರನ್ನೂ ಪಾದ್ರಿಯವರು ಊರಿಗೆ ಹೋಗಲು ಬಿಡಲಿಲ್ಲ. ತಮ್ಮ ಕೋಣೆಯನ್ನು ಕೊಟ್ಟು ತಾವು ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡರು. ಮಲಗುತ್ತಿದ್ದರೆಂದು ಹೇಳಲಾರೆ. ನನಗೂ ನಿದ್ರೆ ಇರಲಿಲ್ಲ. ಕಣ್ಣು ಮುಚ್ಚಿದರೆ ಅಂಗೈಯಲ್ಲಿ ಹಗ್ಗ ನಿಶ್ಚಲವಾಗುತ್ತಿತ್ತು, ಎದ್ದು ಕೂರುತ್ತಿದ್ದೆ. ಹೊರಗೆ ಅವರು ನಡೆದಾಡುವ ಸಪ್ಪಳ ಕೇಳುತ್ತಿತ್ತು. ಪ್ರತಿ ದಿನ ಬೆಳಿಗ್ಗೆ ಅವರು ಹುಸೇನಸಾಬನ ಎದುರಿಗೆ ಹಲಗೆ ಇಟ್ಟುಕೊಂಡು ಕುಳಿತು, ತೊಟ್ಟಿಗೆ ಹೊಸ ಪಕ್ಕೆಹಲಗೆ ಮಾಡಲು ನೋಡುತ್ತಿದ್ದರು. ಬೇರೆ ಬಡಗಿಯನ್ನು ಕರೆಸೋಣವೆಂದು ಅಪ್ಪ ಹೇಳಿದರೆ, “ಅಂವಾ ಇದ್ದಾನಲ್ರಿ,” ಎನ್ನುತ್ತಿದ್ದರು. ಮರಗೆಲಸ ಅವರಿಗೆ ನಿಜಕ್ಕೂ ಬರುತ್ತಿರಲಿಲ್ಲ. ಕೈಗೆ ಸಿಬಿರು ಚುಚ್ಚಿಕೊಳ್ಳುತ್ತ, ಹಲಗೆ ಹಾಳು ಮಾಡುತ್ತ, ಮುಂಗಾರಿನ ಮೊದಲ ಮೋಡ ಕಾಣುವವರೆಗೂ ಕೆತ್ತಿದರು.

ಆ ದಿನ ಅವರೊಂದು ಹಲಗೆಯನ್ನು ಎತ್ತಿ ಹಿಡಿದು, ಬಾಗು ಸರಿಯಾಯಿತೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಎದುರಿನಿಂದ ಹುಸೇನಸಾಬ ಗೊಣಗಿದ.

“ಏನ್ರಿ ಅದು?”

“ಹಲಗಿ.”

“ಹಲಗಿ ಅಂತ ಹಲಗಿ! ಎಮ್ಮಿಗೆ ಬಾಸಿಂಗ ಮಾಡೀರಿ. ಕಟಗೀ ಎಳಿ ಯಾಕಡೆ ಹೋಗೈತಿ, ನೀವು ಯಾಕಡೆ ಕೆತ್ತಾಕ್ಹತ್ತೀರಿ? ಕಣ್ಣು ಅದಾವೋ ಇಲ್ಲೋ? ತರ್ರಿ ಇಲ್ಲಿ!”

ಕಸಿದುಕೊಂಡ. ಹಲಗೆಯನ್ನು ಮೊಣಕಾಲಿಗೆ ಒತ್ತಿ ಹಿಡಿದು, ಉಜ್ಜುಗೊರಡು ಎತ್ತಿದ. ಮೊದಲ ಎಳೆತ ತಪ್ಪಿತು. ಬೈದುಕೊಂಡ. ಎರಡನೆಯದೂ ಅರ್ಧಕ್ಕೆ ನಿಂತಿತು. ಮೂರನೆಯ ಸಲ ಮರದ ಸುರುಳಿ ಒಂದೇ ಎಳೆಯಾಗಿ, ತೆಳ್ಳಗೆ, ಉದ್ದಕ್ಕೆ ಬಿಚ್ಚಿಕೊಂಡು ಬಂತು. ಒಳಗೆ ಹುಸೇನಸಾಬನ ಹೆಂಡತಿಯ ಕೈಯಿಂದ ಪಾತ್ರೆ ಬಿದ್ದ ಸದ್ದಾಯಿತು. ಅವನು ತಲೆ ಎತ್ತದೆ ಉಜ್ಜುತ್ತಲೇ ಇದ್ದ, ಪಾದ್ರಿಯವರನ್ನು ಬೈಯುತ್ತಲೇ ಇದ್ದ. ಪಾದ್ರಿಯವರು “ಹೌದ್ರಿ, ಖರೇ ಐತ್ರಿ,” ಎಂದು ಶಾಲೆಯ ಹುಡುಗನಂತೆ ಒಪ್ಪಿಕೊಳ್ಳುತ್ತ ಕುಳಿತಿದ್ದರು.

ಅಂದು ರಾತ್ರಿ ನಾನು ಯಾವಾಗ ಮಲಗಿದೆನೋ ನೆನಪಿಲ್ಲ. ಎಚ್ಚರವಾದಾಗ ಬಿಸಿಲು ತೊಲೆಗಳವರೆಗೆ ಏರಿತ್ತು. ಗಾಬರಿಯಿಂದ ಹೊರಗೆ ಬಂದೆ. ಸೂರ್ಯ ಹುಟ್ಟುವ ಮೊದಲೇ ಮಂಡಿಯೂರಿ ಪ್ರಾರ್ಥನೆಗೆ ಕೂರುವ ಪಾದ್ರಿಯವರು ಕಟ್ಟೆಯ ಮೇಲೆ ಬಾಯಿ ತೆರೆದು, ಒಂದು ಕೈ ನೆಲಕ್ಕೆ ಇಳಿಬಿಟ್ಟು, ಗೊರಕೆ ಹೊಡೆಯುತ್ತಿದ್ದರು. ಅಂಗಳದಲ್ಲಿ ಯಮನಪ್ಪ ಹೊಲಕ್ಕೆ ಹೊರಟು ಎತ್ತು ಹಿಡಿದು ನಿಂತಿದ್ದ. ಅವ್ವ ಎತ್ತುಗಳ ಕೊರಳಿನಿಂದ ಗಂಟೆಯ ಸರಗಳನ್ನು ಒಂದೊಂದಾಗಿ ಬಿಚ್ಚಿ, ಸದ್ದಾಗದಂತೆ ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಮತ್ತೆ ಹೋಗಿ ಮಲಗು ಎಂದು ಸನ್ನೆ ಮಾಡಿದಳು.